ಬೆಳಕು ಹೊರಳಿಸಿದ ಜಾಗ

ಪ್ರತಿಯೊಂದು ರಿಬ್ಬನ್ ಎದುರಾದಾಗಲೂ ಮಹೇಶ್ವರಿಯ ಬಲಗೈ ತಾನಾಗಿ ಮೇಲೇಳುತ್ತಿತ್ತು, ಬಿಚ್ಚಬೇಕೆಂದು. ಗಂಟಿನ ಬಾಲವನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಾಕು, ಬಿಚ್ಚಿಕೊಳ್ಳುವಂಥ ಗಂಟು. ಹೋದ ವರ್ಷ ಇದೇ ಓಟದಲ್ಲಿ ಅವಳು ಸ್ವೀಪರ್ ಆಗಿದ್ದಳು. ಕೊನೆಯ ಓಟಗಾರನ ಹಿಂದೆ ನಡೆಯುತ್ತ, ದಾರಿ ತೋರಿಸಲು ಗಿಡಕ್ಕೂ ಕಲ್ಲಿಗೂ ಕಟ್ಟಿದ ರಿಬ್ಬನ್‌ಗಳನ್ನೆಲ್ಲ ಬಿಚ್ಚಿ ಚೀಲಕ್ಕೆ ತುಂಬಿಕೊಳ್ಳುವುದು, ಗುಡ್ಡವನ್ನು ಮೊದಲಿದ್ದ ಹಾಗೆ ಬಿಟ್ಟುಬರುವುದು ಸ್ವೀಪರ್‌ನ ಕೆಲಸ. ಈ ವರ್ಷ ಅವಳು ಓಡುವವಳು. ಎದೆಯ ಮೇಲೆ ಅರವತ್ತೊಂದು ಎಂಬ ಸಂಖ್ಯೆ ನಾಲ್ಕು ಪಿನ್ನುಗಳಲ್ಲಿ ಕೂತಿದೆ. ಕೈಗೆ ಮಾತ್ರ ಅದು ತಿಳಿಯದು. ಹಣೆಯ ದೀಪದ ಬೆಳಕು ಬಿದ್ದೊಡನೆ ರಿಬ್ಬನ್ ಬೆಕ್ಕಿನ ಕಣ್ಣಿನ ಹಾಗೆ ಮಿನುಗುತ್ತದೆ, ಕೈ ಮೇಲೇಳುತ್ತದೆ, ಅವಳು ಅದನ್ನು ಕೆಳಗಿಳಿಸುತ್ತಾಳೆ. ಮೂವತ್ತೆಂಟು ಕಿಲೋಮೀಟರಿನುದ್ದಕ್ಕೂ ಇದೇ ನಡೆದಿತ್ತು. ಸಂಜೆ ಆರಕ್ಕೆ ಬಾದಾಮಿಯಿಂದ ಹೊರಟ ಎಂಬತ್ತು ಕಿಲೋಮೀಟರಿನ ಓಟ. ಮರುದಿನ ಮಧ್ಯಾಹ್ನದೊಳಗೆ ಮುಗಿಸಬೇಕು. ಈಗ ಒಂದೂವರೆ ಆಗಿರಬೇಕು. ಗಡಿಯಾರ ನೋಡಲು ಅವಳಿಗೆ ಮನಸ್ಸಾಗಲಿಲ್ಲ. ಹೋದ ವರ್ಷವೂ ಆ ಹೊತ್ತು ಒಂದೂವರೆಯೇ ಇತ್ತು.

ಓಟ ಶುರುವಾಗುವ ಮೊದಲು ಎಲ್ಲರೂ ಎರಡು ನಿಮಿಷ ಸುಮ್ಮನೆ ನಿಂತಿದ್ದರು. ಮೇಜಿನ ಮೇಲೆ ರೋಹಿಣಿಯ ಫೋಟೊ ಇತ್ತು. ಬಾಗಲಕೋಟೆಯ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದ ಹುಡುಗಿ, ಮೂವತ್ತೊಂದು ವರ್ಷ, ಫೋಟೊದಲ್ಲಿ ಹಲ್ಲು ಕಾಣುವ ಹಾಗೆ ನಕ್ಕಿದ್ದಳು. ಓಡುವ ಹೆಂಗಸರಲ್ಲಿ ನೀವೇ ಹಿರಿಯರು, ನೀವೇ ಹೂ ಹಾಕಿ ಎಂದು ಓಟ ನಡೆಸುವ ಸಂಘದವರು ಮಹೇಶ್ವರಿಯನ್ನು ಮುಂದೆ ಕರೆದರು. ಹುನಗುಂದದ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಸಾಲಾಗಿ ನಿಲ್ಲುವುದನ್ನು ಕಲಿಸುತ್ತ ಬಂದ ದೈಹಿಕ ಶಿಕ್ಷಕಿ ಅವಳು. ಕರೆದಾಗ ಮುಂದೆ ಹೋಗುವುದು ಅಭ್ಯಾಸವಾಗಿತ್ತು. ಹೋದಳು. ಸೇವಂತಿಗೆಯ ಎಸಳು ಬೆವರಿದ ಅಂಗೈಗೆ ಅಂಟಿಕೊಂಡು ಬೀಳಲೇ ಇಲ್ಲ. ಕೈಯನ್ನು ಎರಡು ಸಲ ಕೊಡವಬೇಕಾಯಿತು. ಅಷ್ಟು ಜನರ ಮುಂದೆ ಸತ್ತವಳ ಫೋಟೊದ ಮೇಲೆ ಕೈ ಕೊಡವಿದ ಹಾಗೆ ಕಂಡಿರಬಹುದೆಂದು ಆಮೇಲೆ ಹತ್ತು ಕಿಲೋಮೀಟರಿನವರೆಗೆ ಅದೇ ಚಿಂತೆಯಾಗಿತ್ತು. ಇಂಥ ಸಣ್ಣ ನಾಚಿಕೆಗಳನ್ನು ಮನಸ್ಸು ಎಷ್ಟು ಪ್ರೀತಿಯಿಂದ ಎತ್ತಿಕೊಳ್ಳುತ್ತದೆ. ದೊಡ್ಡದನ್ನು ಮುಟ್ಟದಿರಲು ಅದಕ್ಕೆ ಇವು ಬೇಕು.

ಪಕ್ಕದಲ್ಲಿ ಯಮನೂರ ಏದುಸಿರು ಬಿಡುತ್ತ ಬರುತ್ತಿದ್ದ. ಹುನಗುಂದದವನೇ, ಬಸ್ ರಿಪೇರಿ ಮಾಡುವ ಮೆಕ್ಯಾನಿಕ್. ಐವತ್ತಕ್ಕೆ ಸಕ್ಕರೆ ಕಾಯಿಲೆ ಬಂದಮೇಲೆ ಡಾಕ್ಟರು ನಡೆಯಿರಿ ಅಂದದ್ದಕ್ಕೆ ಓಡಲು ಶುರುಮಾಡಿದವನು. ಮಹಾಕೂಟ ದಾಟಿದ ಮೇಲೆ ಅವಳಿಗೆ ಜೊತೆಯಾಗಿದ್ದ. ಜೊತೆ ಬೇಡವೆಂದು ಅವಳು ಎರಡು ಸಲ ನಿಧಾನ ಮಾಡಿದಳು, ಒಂದು ಸಲ ಜೋರು ಮಾಡಿದಳು. ಅವನು ಎರಡಕ್ಕೂ ಹೊಂದಿಕೊಂಡ. ಬಸ್ಸಿನ ಬ್ರೇಕುಗಳ ಬಗ್ಗೆ, ತನ್ನ ಮೊಣಕಾಲುಗಳ ಬಗ್ಗೆ, ಇವನು ಚಡ್ಡಿ ಹಾಕಿಕೊಂಡು ಹೊರಬಿದ್ದ ಮೊದಲ ದಿನ ಹೆಂಡತಿ ಬಾಗಿಲು ಹಾಕಿಕೊಂಡದ್ದರ ಬಗ್ಗೆ ಹೇಳುತ್ತ ಬಂದ.

"ಅಕ್ಕೋರ, ಸಾವಿರ ಬಸ್ಸಿನ ಬ್ರೇಕ್ ತಗದು ಕೂಡ್ಸೇನ್ರಿ. ನನ್ನ ಮೊಣಕಾಲಾಗ ಯಾವ ನಟ್ ಸಡ್ಲ ಆಗೇತಿ, ಒಂದೂ ತಿಳಿವಲ್ದು."

ಅವಳು ನಕ್ಕಳು. ನಕ್ಕದ್ದು ಬಂಡೆಗೆ ತಾಗಿ ಬೇರೆ ಯಾರೋ ನಕ್ಕ ಹಾಗೆ ವಾಪಸು ಬಂತು. ಈ ಗುಡ್ಡದ ಕೆಂಪು ಕಲ್ಲು ಹಗಲಿಡೀ ಕುಡಿದ ಬಿಸಿಲನ್ನು ರಾತ್ರಿ ಮೆಲ್ಲಗೆ ಬಿಡುತ್ತದೆ. ಮುಖಕ್ಕೆ ಚಳಿ, ಕಣಕಾಲಿಗೆ ಬಿಸಿ. ಕಲ್ಲು ಉಸಿರಾಡುತ್ತಿದೆ ಅನ್ನಿಸುತ್ತದೆ. ಹೋದ ವರ್ಷ ಒಬ್ಬಳೇ ಇದ್ದಾಗ ಆ ಬಿಸಿ ಅವಳಿಗೆ ಹಿತವಾಗಿತ್ತು. ಹಿತವಾಗಿತ್ತೆಂಬುದನ್ನೂ ಅವಳು ಈಗ ಕ್ಷಮಿಸಿಕೊಳ್ಳಲಾರಳು.

ಇಳಕಲ್ಲಿನಲ್ಲಿ ಅವಳು ಚಿಕ್ಕವಳಿದ್ದಾಗ ಓಣಿಯ ಹೆಂಗಸರು ದೀಪ ಹಚ್ಚುವ ಹೊತ್ತಿಗೆ ತಂಬಿಗೆ ಹಿಡಿದು ರಸ್ತೆಯ ಆಚೆಗಿನ ಬಯಲಿಗೆ ಹೋಗುತ್ತಿದ್ದರು. ಅವ್ವ ಮಗ್ಗದ ಕುಣಿಯಿಂದ ಎದ್ದು, ಕಾಲಿಗೆ ಅಂಟಿದ ರೇಷ್ಮೆಯ ಎಳೆ ಕೊಡವಿ, ಇವಳ ಕೈ ಹಿಡಿದುಕೊಂಡು ಹೋಗುವಳು. ಕಲ್ಲಿನ ಖಣಿಯಿಂದ ಲಾರಿಗಳು ಬರುತ್ತಿದ್ದವು. ಲಾರಿಯ ಬೆಳಕು ತಿರುವಿನಲ್ಲಿ ಕಂಡೊಡನೆ ಸಾಲಾಗಿ ಕೂತ ಹೆಂಗಸರೆಲ್ಲ ಎದ್ದು ನಿಲ್ಲುವರು, ಸೆರಗು ಮುಖಕ್ಕೆ, ಬೆನ್ನು ರಸ್ತೆಗೆ. ಬೆಳಕು ಹೋದಮೇಲೆ ಮತ್ತೆ ಕೂರುವರು. ಒಂದು ಸಂಜೆಗೆ ಏಳೆಂಟು ಸಲ. ಕೆಲವು ಡ್ರೈವರುಗಳು ಬೇಕೆಂದೇ ದೀಪ ಜೋರು ಮಾಡಿ ಹಾರ್ನ್ ಹೊಡೆಯುವರು. ಒಬ್ಬ ಮಾತ್ರ, ಮಲೀಕಸಾಬ ಎಂದು ಅವನ ಹೆಸರು, ತಿರುವಿಗೆ ಬರುವ ಮೊದಲೇ ದೀಪ ಆರಿಸಿ ಕತ್ತಲಲ್ಲಿ ಲಾರಿಯನ್ನು ಮೆಲ್ಲಗೆ ದಾಟಿಸಿಕೊಂಡು ಹೋಗುತ್ತಿದ್ದ. ಅವ್ವ ಅವನ ಹೆಂಡತಿಯ ಹೆರಿಗೆಗೆ ಕುಲಾವಿ ಹೊಲಿದು ಕಳಿಸಿದ್ದಳು. ಹೆಣ್ಣಿನ ಮ್ಯಾಲ ಬೆಳಕ ಬಿಡಲಾರದಾವ ಮನಶ್ಯಾ ನೋಡವಾ ಎಂದು ಹೇಳುತ್ತಿದ್ದಳು. ಮಹೇಶ್ವರಿ ಆ ಬಯಲಿನಲ್ಲಿ, ಆ ಕತ್ತಲಲ್ಲಿ, ಮರ್ಯಾದೆ ಎಂದರೆ ಏನೆಂದು ಕಲಿತಳು. ಬೆಳಕು ಹೊರಳಿಸುವುದು. ನೋಡದ ಹಾಗೆ ದಾಟಿಹೋಗುವುದು.

ಹೋದ ವರ್ಷ ಈ ಬಂಡೆಗಳ ನಡುವೆ ಬರುವಾಗ ಎಡಗಡೆ, ನೂರು ಹೆಜ್ಜೆ ದೂರ ಇದ್ದಿರಬಹುದು, ಒಂದು ಬೆಳಕು ಕಂಡಿತ್ತು. ಆಳೆತ್ತರದಲ್ಲಿದ್ದ ಬೆಳಕು ಕೆಳಗಿಳಿಯಿತು, ಮೊಣಕಾಲಿನಷ್ಟಕ್ಕೆ ಬಂತು, ಆರಿತು. ಅಷ್ಟೇ. ಆ ಅಷ್ಟನ್ನು ಒಂದು ವರ್ಷದಿಂದ ಅವಳು ದಿನಾ ರಾತ್ರಿ ನೋಡಿದ್ದಾಳೆ. ಬಯಲಿಗೆ ಕೂತ ಹೆಂಗಸೆಂದು ಮೈಗೆ ತಿಳಿದಿತ್ತು, ಬುದ್ಧಿಗೆ ತಿಳಿಯುವ ಮೊದಲೇ. ಮಹೇಶ್ವರಿ ಕೂಡಲೇ ತನ್ನ ತಲೆಯನ್ನು ಬಲಕ್ಕೆ ಹೊರಳಿಸಿದಳು, ದೀಪವೂ ಹೊರಳಿತು. ನಾಚಿಕೊಂಡಿರಬೇಕು ಪಾಪ ಎಂದುಕೊಂಡು ಹೆಜ್ಜೆ ಜೋರು ಮಾಡಿದಳು. ಹೊಲ ಕಾಯುವವರ ಮನೆಯ ಹೆಂಗಸಿರಬೇಕು ಎಂದುಕೊಂಡಳೇ? ಬೆಳಗಾದ ಮೇಲೆ ಹಾಗೆಂದುಕೊಂಡಿದ್ದೆ ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ಹೊಲದ ಹೆಂಗಸಿನ ಹಣೆಯ ಮೇಲೆ ದೀಪ ಎಲ್ಲಿಂದ ಬರಬೇಕು? ಓಡುವವಳೇ, ಹರೆಯದ ಕಾಲು, ಎದ್ದು ಬಂದು ನನ್ನನ್ನು ಹಿಂದೆ ಹಾಕುತ್ತಾಳೆ ಎಂದುಕೊಂಡದ್ದು ಖರೆ. ಅಷ್ಟರಲ್ಲಿ ಮುಂದಿನ ರಿಬ್ಬನ್ ಬಂತು, ಕೈ ಎದ್ದಿತು, ಬಿಚ್ಚಿತು. ಅದರ ಮುಂದಿನದೂ ಬಂತು. ಕೈಗೆ ಒಂದು ಲಯ ಸಿಕ್ಕಿತ್ತು. ಚಳಿ ಹತ್ತಿತ್ತು. ಮುಂದಿನ ಚೆಕ್‌ಪಾಯಿಂಟಿನ ಮೇಜಿನಲ್ಲಿ ಚಹಾ ಮುಗಿಸಿಬಿಡುತ್ತಾರೇನೋ ಎಂಬ ಆತುರವಿತ್ತು. ಒಬ್ಬ ಹುಡುಗಿಯ ಜೀವದ ಎದುರಿಗೆ ಒಂದು ಲೋಟ ಚಹಾ. ಹಿಂದೆ ಬೆಳಕು ಬಂತೇ ಎಂದು ತಿರುಗಿ ನೋಡಿದ್ದಳೇ? ಒಂದು ಸಲ ನೋಡಿದೆ ಎಂದು ಕೆಲವು ರಾತ್ರಿ ಅನ್ನಿಸುತ್ತದೆ. ಕೆಲವು ರಾತ್ರಿ ಅನ್ನಿಸುವುದಿಲ್ಲ.

ಮೇಜಿನಲ್ಲಿ ಪಟ್ಟಿ ಹಿಡಿದು ಕೂತವನು ಕೇಳಿದ್ದ. "ಹಿಂದ ಯಾರೂ ಇಲ್ರಿ" ಎಂದು ಅವಳು ಹೇಳಿದ್ದಳು. ಸ್ವೀಪರ್ ಹೇಳಿದ ಮೇಲೆ ಮುಗಿಯಿತು. ಆತ ಪಟ್ಟಿಯ ಕೆಳಗೆ ಗೆರೆ ಎಳೆದ. ಪಟ್ಟಿಯಲ್ಲಿ ಗುರುತು ಬೀಳದ ಒಂದು ಸಂಖ್ಯೆ, ಸುಸ್ತಾಗಿ ಓಟ ಬಿಟ್ಟು ಜೀಪು ಹತ್ತಿದವರಲ್ಲಿ ಒಂದಿರಬೇಕೆಂದುಕೊಂಡರು. ಮರುದಿನ ಹತ್ತು ಗಂಟೆಗೆ ಆಡು ಮೇಯಿಸುವವನೊಬ್ಬ ಬಂಡೆಯ ಸೀಳಿನಲ್ಲಿ ಬಿದ್ದಿದ್ದ ರೋಹಿಣಿಯನ್ನು ಕಂಡ. ಅವಳ ಕೈಗಡಿಯಾರ ಅವಳು ನಡೆದ ದಾರಿಯನ್ನೆಲ್ಲ ಗೆರೆಯಾಗಿ ಬರೆದಿಟ್ಟಿತ್ತು. ಸಂಘದವರು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಾಗ ಮಹೇಶ್ವರಿ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಗೆರೆ ಎಡಕ್ಕೆ ಹೋಗಿ ನಿಂತಿತ್ತು, ವಾಪಸು ದಾರಿಗೆ ಬಂದಿತ್ತು. ಅಲ್ಲಿಂದ ಆಚೆಗೆ ನಲವತ್ತು ನಿಮಿಷ ಅತ್ತಿತ್ತ, ಸುತ್ತು, ಮತ್ತೆ ಅದೇ ಜಾಗಕ್ಕೆ, ಮತ್ತೆ ಸುತ್ತು. ಗಂಟುಬಿದ್ದ ನೂಲಿನ ಹಾಗೆ ಇತ್ತು. ನೇಕಾರರ ಮನೆಯಲ್ಲಿ ಹುಟ್ಟಿದ ಅವಳಿಗೆ ಆ ಗಂಟು ಬಿಡಿಸುವುದು ಕಷ್ಟವಾಗಲಿಲ್ಲ. ದಾರಿ ಇದ್ದಲ್ಲಿಯೇ ದಾರಿ ಹುಡುಕುತ್ತಿದ್ದವಳ ಗೆರೆ ಅದು. ಆಡು ರಿಬ್ಬನ್ ತಿಂದಿರಬೇಕು ಎಂದು ಯಾರೋ ಅಂದರು. ಅದು ಇರಲಿ, ಓಟಗಾರ್ತಿ ತಾನಾಗಿ ಹಾದಿ ಬಿಟ್ಟುಹೋದಳು ಎಂದು ಕಾಗದ ಬರೆದರು. ಕೆಳಗೆ ಮೂರು ಸಹಿ. ಎರಡನೆಯದು ಇವಳದು. ಮರೋಳದ ನೀರೆತ್ತುವ ಕೇಂದ್ರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಗಂಡ ಈರಪ್ಪ, ಊಟ ಮಾಡದೆ ಯಾಕೆ ಕೂತಿದ್ದೀ ಎಂದು ಕೇಳಿದಾಗ ಪಿತ್ತ ಎಂದಿದ್ದಳು. ಸತ್ತವಳಂತೂ ಸತ್ತಳು, ಹೇಳಿದರೆ ಯಾರಿಗೆ ಏನು ಸಿಗುತ್ತದೆ, ಹೇಳದಿದ್ದರೆ ಯಾರಿಗೆ ಏನು ನಷ್ಟ ಎಂಬ ಲೆಕ್ಕದ ಮೇಲೆ ಅವಳು ಒಂದು ವರ್ಷ ಬದುಕಿದ್ದಳು.

"ಐವತ್ತೈದನೇ ಕಿಲೋಮೀಟರಿಗೆ ಒಂದ ಊರು ಬರತೈತ್ರಿ, ರೋಹಿಣಿದ ತವರೂರು" ಎಂದ ಯಮನೂರ. "ಸಾಲಿಯೊಳಗ ಚೆಕ್‌ಪಾಯಿಂಟ್ ಮಾಡ್ಯಾರ. ಆಕಿ ಅವ್ವ ತಾಯವ್ವ ಅಂತ, ಈ ಸಲ ಎಲ್ಲಾರಿಗೂ ಆಕಿನ ರೊಟ್ಟಿ ಬಡ್ಯಾಕ ನಿಂತಾಳ. ಬ್ಯಾಡಂದ್ರೂ ಕೇಳಿಲ್ಲಂತ."

ಮಗಳ ನೆನಪಿಗಿರಬೇಕು ಎಂದಳು ಮಹೇಶ್ವರಿ.

"ನೆನಪಿಗಲ್ರಿ. ನಿಮಗ ಗೊತ್ತಿಲ್ಲೇನು?" ಅವನ ದನಿ ಇಳಿಯಿತು. "ಅವತ್ತ ಸಂಜೀಮುಂದ ಆಕಿ ಫೋನ್ ಮಾಡಿದ್ಲಂತ. ಅರ್ಧ ಚಡ್ಡಿ ಹಾಕ್ಕೊಂಡು ನಮ್ಮೂರ ಮುಂದ ಓಡಿ ನನ್ನ ಮಾನ ಕಳೀಬ್ಯಾಡ ಅಂತ ತಾಯವ್ವ ಬೈದಿದ್ಲಂತ್ರಿ. ಅದಕ್ಕ ಊರು ತಪ್ಪಿಸಿ ಹೋಗಬೇಕಂತ ಮಗಳು ಹಾದಿ ಬಿಟ್ಲು, ನಾನ ಕೊಂದೆ ಆಕೀನ ಅಂತ ಬಂದವರ ಮುಂದೆಲ್ಲ ಹೇಳ್ತಾಳ. ಊರಾಗಿನ ಮಂದೀನೂ ಹಂಗ ಅಂತಾರ್ರಿ. ಅವ್ವನ ಬಾಯಿ ಮಗಳನ್ನ ತಿಂತು ಅಂತ."

ಮಹೇಶ್ವರಿ ಓಡುತ್ತಲೇ ಇದ್ದಳು. ಕಾಲಿಗೆ ಸುದ್ದಿ ತಲುಪಲು ಸ್ವಲ್ಪ ಹೊತ್ತು ಬೇಕಾಯಿತು. ತಲುಪಿದಾಗ ಅವು ನಿಂತವು. ಒಂದು ವರ್ಷದಿಂದ ಅವಳು ತಾನು ಹೊತ್ತಿದ್ದೇನೆ ಎಂದುಕೊಂಡಿದ್ದ ಭಾರವನ್ನು ಬೇರೆ ಯಾರೋ ಹೊತ್ತಿದ್ದರು. ಇವಳು ಇಳಿಸಿದ್ದಳು, ಆ ತಾಯಿ ಎತ್ತಿಕೊಂಡಿದ್ದಳು. ಯಾರಿಗೂ ನಷ್ಟವಿಲ್ಲ ಎಂಬ ಲೆಕ್ಕ. ನೀವು ಮುಂದೆ ನಡೆಯಿರಿ, ಸ್ವಲ್ಪ ಆಚೆ ಹೋಗಿ ಬರುತ್ತೇನೆ ಎಂದು ಯಮನೂರನಿಗೆ ಹೇಳಿದಳು. ಅವನು ತಿಳಿದುಕೊಂಡು ಹೂಂ ಎಂದ.

ಎಡಗಡೆ ನಡೆದಳು. ಹುಲ್ಲು, ಕವಳಿ ಕಂಟಿ, ಆಮೇಲೆ ಬಂಡೆ. ಎಷ್ಟು ದೂರ ಹೋದರೂ ದಾರಿಯಿಂದ ಕಾಣುತ್ತೇನೆ ಅನ್ನಿಸುತ್ತಿತ್ತು. ಇನ್ನಷ್ಟು ಹೋದಳು. ಕೂರುವಾಗ ಕೈ ತಾನಾಗಿ ಹಣೆಗೆ ಹೋಗಿ ದೀಪ ಆರಿಸಿತು. ಕೈ ಅದನ್ನು ಮಾಡುವುದನ್ನು ಅವಳು ಕಂಡಳು. ನಲವತ್ತೇಳು ವರ್ಷದ ಕೈ. ರೋಹಿಣಿಯ ಕೈಗೂ ಯಾರೋ ಇದನ್ನೇ ಕಲಿಸಿರಬೇಕು, ಯಾವುದೋ ಬಯಲಿನಲ್ಲಿ. ಕತ್ತಲು ಮೊದಲು ಕಣ್ಣಿಗೆ ಬಂತು, ಆಮೇಲೆ ಕಿವಿಗೆ. ಎದ್ದು ನಿಂತಾಗ ಯಾವ ಕಡೆಯಿಂದ ಬಂದೆ ಎಂಬುದು ಹೋಗಿಬಿಟ್ಟಿತ್ತು. ಎಲ್ಲ ಬಂಡೆಗಳೂ ಒಂದೇ ಎತ್ತರಕ್ಕೆ ಬೆನ್ನು ಮಾಡಿ ನಿಂತಿದ್ದವು. ದೀಪ ಹಚ್ಚಲು ಬೆರಳು ಗುಂಡಿ ಹುಡುಕುತ್ತಿದ್ದಾಗ ತನ್ನ ಪಕ್ಕದಲ್ಲಿಯೇ ಇನ್ನೊಬ್ಬಳು ಸೊಂಟದ ದಾರ ಬಿಗಿದುಕೊಳ್ಳುತ್ತಿದ್ದಾಳೆ, ಅವಸರದಲ್ಲಿದ್ದಾಳೆ, ದೂರದಲ್ಲಿ ಹೊರಳಿ ಹೋಗುತ್ತಿರುವ ಬೆಳಕನ್ನು ನೋಡುತ್ತಿದ್ದಾಳೆ ಅನ್ನಿಸಿತು. ಕೂಗಬೇಕೆಂದು ಅವಳು ಬಾಯಿ ತೆರೆದಿದ್ದಾಳೆ. ಕೂಗಿದರೆ, ಎಲ್ಲಿದ್ದೀ ಎಂದು ಯಾರಾದರೂ ಬೆಳಕು ಬಿಟ್ಟರೆ? ದಾರ ಕಟ್ಟಿ ಆಗಲಿ, ಆಮೇಲೆ ಕೂಗುತ್ತೇನೆ ಎಂದು ಬಾಯಿ ಮುಚ್ಚಿದ್ದಾಳೆ. ಮಹೇಶ್ವರಿಯ ತುಟಿಯೂ ಮುಚ್ಚಿತ್ತು.

"ಅಕ್ಕೋರ, ಅದೀರ್ರಿ?"

ಯಮನೂರನ ದನಿ. ಬಲಗಡೆಯಿಂದ ಬಂತು, ಅವಳು ಎಡಕ್ಕೆ ಹೊರಡುವವಳಿದ್ದಳು. ಒಂದು ಕ್ಷಣ ಬಿಟ್ಟು ಮತ್ತೆ ಅದೇ, ಏನೂ ಆಗದವನ ಹಾಗೆ, ಸಂತೆಯಲ್ಲಿ ಜೊತೆಯವರನ್ನು ಕರೆಯುವ ಹಾಗೆ. ಅವಳು ಓ ಎಂದಳು. ದನಿ ಹಿಡಿದು ನಡೆದಳು. ಅವನು ಮುಂದೆ ಹೋಗಿರಲಿಲ್ಲ. ದಾರಿಯ ಮೇಲೆ, ಇವಳ ಕಡೆಗೆ ಬೆನ್ನು ಮಾಡಿ, ದೀಪವನ್ನು ಎದುರಿನ ಗುಡ್ಡಕ್ಕೆ ಬಿಟ್ಟುಕೊಂಡು ನಿಂತಿದ್ದ. ಅವನೂ ಬೆಳಕು ಹೊರಳಿಸಿದ್ದ. ಹೊರಳಿಸಿ ನಿಂತಿದ್ದ. ಇಷ್ಟೇ ಸಾಕಿತ್ತು. ಇಷ್ಟು ಸರಳವಾದದ್ದು ಅವಳಿಗೆ ಹೊಳೆದಿರಲಿಲ್ಲ. ಮರ್ಯಾದೆಯನ್ನು ಅರ್ಧ ಕಲಿತಿದ್ದಳು, ಅಷ್ಟೇ.

ಆಮೇಲಿನ ಹದಿನೇಳು ಕಿಲೋಮೀಟರಿನಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಮಲಪ್ರಭೆಯ ದಂಡೆಯಲ್ಲಿ ಮಂಜು ಇತ್ತು, ಜೋಳದ ಹೊಲಗಳ ನಡುವೆ ದಾರಿ ಒದ್ದೆಯಾಗಿತ್ತು. ಎಡಗಾಲಿನ ಬೊಬ್ಬೆ ಒಡೆದು ಕಾಲುಚೀಲದೊಳಗೆ ಬೆಚ್ಚಗಾಯಿತು. ಸಾಲೆಯನ್ನು ತಪ್ಪಿಸಿಹೋಗುವ ದಾರಿಗಳೆಲ್ಲ ಅವಳಿಗೆ ಹೊಳೆದವು. ನೀರು ಕುಡಿದು ಊಟಕ್ಕೆ ನಿಲ್ಲದೆ ಹೋಗಬಹುದು. ಕಾಲು ಉಳುಕಿತೆಂದು ಈಗಲೇ ಕೂತುಬಿಡಬಹುದು, ಜೀಪು ಬರುತ್ತದೆ. ಕಾಗದ ಬರೆಯಬಹುದು, ಓಟ ಮುಗಿಸಿ, ಮನೆಗೆ ಹೋಗಿ, ಸರಿಯಾದ ಶಬ್ದಗಳನ್ನು ಹುಡುಕಿ. ತಾಯವ್ವನಿಗೆ ಓದಲು ಬರುತ್ತದೋ ಇಲ್ಲವೋ. ಯಾರೋ ಓದಿ ಹೇಳುತ್ತಾರೆ, ತಾನು ಆ ಮುಖ ನೋಡಬೇಕಾಗಿಲ್ಲ. ಇದೂ ಬೆಳಕು ಹೊರಳಿಸುವುದೇ.

ಸಾಲೆಗೆ ಬಂದಾಗ ಆರು ಗಂಟೆ ಹತ್ತು ನಿಮಿಷ. ಆರೂವರೆಯೊಳಗೆ ಅಲ್ಲಿಂದ ಹೊರಡದವರ ಓಟ ಅಲ್ಲಿಗೇ ಮುಗಿಯುತ್ತದೆಂದು ಕರಿಹಲಗೆಯ ಮೇಲೆ ಬರೆದಿದ್ದರು. ಪಡಸಾಲೆಯಲ್ಲಿ ಮೂರು ಕಲ್ಲಿನ ಒಲೆ, ಹೆಂಚು, ರೊಟ್ಟಿಯ ವಾಸನೆ. ತಾಯವ್ವ ಎಂದರೆ ಮುದುಕಿಯೆಂದುಕೊಂಡಿದ್ದಳು. ಐವತ್ತೈದರ, ಗಟ್ಟಿ ತೋಳಿನ, ಹಣೆಗೆ ವಿಭೂತಿ ಹಚ್ಚಿದ ಹೆಂಗಸು. ಯಮನೂರ ನಿಂತಲ್ಲಿಯೇ ಒಂದು ರೊಟ್ಟಿ ತಿಂದು, ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು, ಹೊತ್ತಾಗೇತಿ ನಡೀರಿ ಅಕ್ಕೋರ ಎಂದ. ನೀವು ಹೋಗಿರಿ ಎಂದಳು. ಅವನು ಮುಖ ನೋಡಿದ, ಹೋದ.

ತಾಯವ್ವ ತಾಟು ತಂದು ಅವಳ ತೊಡೆಯ ಮೇಲಿಟ್ಟಳು. ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ಎಣಗಾಯಿ. ಎದುರಿಗೆ ಕುಕ್ಕರುಗಾಲಲ್ಲಿ ಕೂತು ಇವಳ ಒಡೆದ ಕಾಲನ್ನು ನೋಡಿದಳು.

"ಉಣ್ಣ ತಂಗಿ. ಏನರ ಉಂಡು ಓಡು. ನನ್ನ ಮಗಳೂ ಹಿಂಗ ಓಡಾಕಿನ. ನನ್ನ ಬಾಯಿಗಂಜಿ ಊರು ತಪ್ಪಿಸಾಕ ಹೋದ್ಲು."

"ಯವ್ವಾ, ನಿಮ್ಮ ಕೂಡ ಒಂದ ಮಾತ ಐತ್ರಿ."

"ಉಂಡು ಹೇಳು."

"ಉಂಡ ಮ್ಯಾಲೆ ಹೇಳಾಕ ಆಗೂದಿಲ್ರಿ ನನಗ."

ಹೇಳಿದಳು. ಚೆನ್ನಾಗಿ ಹೇಳಲಿಲ್ಲ. ಸ್ವೀಪರ್ ಎಂದರೇನೆಂದು ತಾಯವ್ವನಿಗೆ ತಿಳಿಯಲಿಲ್ಲ; ರಿಬ್ಬನ್ ಕಟ್ಟುವುದು, ಬಿಚ್ಚುವುದು ಎಲ್ಲವನ್ನೂ ಮಕ್ಕಳಿಗೆ ಪಾಠ ಹೇಳಿದ ಹಾಗೆ ಹೇಳಬೇಕಾಯಿತು, ಅದು ಭಯಂಕರವಾಗಿತ್ತು. ಬೆಳಕು ಕೆಳಗಿಳಿದದ್ದು, ಆರಿದ್ದು. ತಾನು ಕಂಡದ್ದು. ಕಂಡು ಮುಖ ಹೊರಳಿಸಿ, ಆ ಹುಡುಗಿಯ ಮುಂದಿನ ದಾರಿಯನ್ನು ಒಂದೊಂದೇ ಬಿಚ್ಚುತ್ತ ಹೋದದ್ದು. ಹಿಂದೆ ಯಾರೂ ಇಲ್ಲ ಎಂದದ್ದು. ಸಹಿ. ಚಹಾದ ಮಾತನ್ನೂ ಬಿಡಲಿಲ್ಲ. ಒಲೆಯ ಮೇಲಿನ ರೊಟ್ಟಿ ಹೊತ್ತಿ ಕರಿ ವಾಸನೆ ಬಂತು, ಯಾರೂ ಏಳಲಿಲ್ಲ. ಸಮಯ ಬರೆಯುವವನು ಅರವತ್ತೊಂದು, ಅರವತ್ತೊಂದು ಎಂದು ಎರಡು ಸಲ ಕೂಗಿ ಪಟ್ಟಿಯಲ್ಲಿ ಏನೋ ಗುರುತು ಹಾಕಿಕೊಂಡ.

ಬೈಯಲಿ ಎಂದು ಮಹೇಶ್ವರಿ ಕಾದಳು. ಹೊಡೆದರೂ ಆದೀತು. ತಾಯವ್ವ ಕೇಳಿದ್ದು ಒಂದೇ.

"ಹಂಗಾರ ಆಕಿ ಊರು ತಪ್ಪಿಸಾಕ ಹೋಗಿರಲಿಲ್ಲ?"

"ಇಲ್ರಿ. ಹಾದಿಗೆ ಬಂದಿದ್ಲು. ಹಾದಿ ಮ್ಯಾಲ ನಿಂತ ಹಾದಿ ಹುಡುಕಿದ್ಲು. ಇಲ್ಲಿಗೇ ಬರಾಕ್ಹತ್ತಿದ್ಲು."

ತಾಯವ್ವ ಕೈ ಚಾಚಿ ಇವಳ ತೊಡೆಯ ಮೇಲಿದ್ದ ತಾಟನ್ನು ಎತ್ತಿಕೊಂಡಳು. ಮುಟ್ಟದ ರೊಟ್ಟಿಯನ್ನು ತೆಗೆದು ಬುಟ್ಟಿಗೆ ಹಾಕಿದಳು, ಹಿಂಡಿಯನ್ನು ಗಡಿಗೆಗೆ ಸುರಿದಳು. ಎಲ್ಲವನ್ನೂ ಅವಸರವಿಲ್ಲದೆ ಮಾಡಿದಳು. ಆಮೇಲೆ ಪಡಸಾಲೆಯ ಅಂಚಿಗೆ ಹೋಗಿ, ನೀರಿನ ಟಾಕಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು, ಹನಮವ್ವಾ, ಗುರುಲಿಂಗವ್ವಾ, ಎಲ್ಲಾರೂ ಬರ್ರಿ ಎಂದು. ಅವರು ಕೊಡ ಇಳಿಸಿ ಬಂದರು. ಕೆಲವರ ಕೈ ಇನ್ನೂ ಒದ್ದೆಯಾಗಿತ್ತು. ಯಾಕೆಂದು ತಿಳಿಯದೆ ಸುತ್ತ ನಿಂತರು. ತಾಯವ್ವ ಮತ್ತೆ ಎದುರಿಗೆ ಬಂದು ಕೂತಳು.

"ಇನ್ನೊಮ್ಮಿ ಹೇಳು" ಎಂದಳು. "ಬರಾಕ್ಹತ್ತಿದ್ಲು ಅಂದೆಲ್ಲ, ಅದನ್ನ ಇವರ ಮುಂದ ಹೇಳು."

ಮಹೇಶ್ವರಿ ಕೂತಲ್ಲಿಯೇ, ಅಷ್ಟು ಮುಖಗಳನ್ನು ಒಂದೊಂದಾಗಿ ನೋಡುತ್ತ, ಮೊದಲಿನಿಂದ ಶುರುಮಾಡಿದಳು.